ಹೆಸರಿಡುವ ಅತ್ತಿಗೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಿದ್ದುದು ಒಬ್ಬಳಿಗೆ ಮಾತ್ರ, ಗಂಡನ ತಂಗಿಗೆ. ಆ ನಾದಿನಿ ಮಹಡಿ ಮೆಟ್ಟಿಲ ಮೇಲಿಂದ ದಿನಕ್ಕೆ ನೂರು ಸಲ "ಅತ್ತಿಗೆ, ಅತ್ತಿಗೆ" ಎಂದು ಕೂಗಿ ಕೂಗಿ, ಹಾಲಿನವನಿಂದ ಹಿಡಿದು ಎದುರು ಮನೆಯ ಮುದುಕನ ತನಕ ಎಲ್ಲರ ಬಾಯಲ್ಲೂ ಅದೇ ಕೂತುಬಿಟ್ಟಿತ್ತು. ಮುದುಕನಿಗೆ ಅವಳಿಗಿಂತ ಇಪ್ಪತ್ತು ವರ್ಷ ಹೆಚ್ಚು. ಅವನೂ ಅತ್ತಿಗೆ ಎನ್ನುತ್ತಿದ್ದ, ಅವಳೂ ಓಗೊಡುತ್ತಿದ್ದಳು.

ಅತ್ತಿಗೆಯದು ಜಾಲರಿ ಬಟ್ಟೆಯ ಮೇಲೆ ಉಣ್ಣೆದಾರದ ಕಸೂತಿ. ಸೊಳ್ಳೆಪರದೆಯಂಥ, ಆದರೆ ಗಟ್ಟಿಯಾದ ಬಟ್ಟೆ. ಅದರ ಒಂದೊಂದು ಚೌಕಕ್ಕೂ ಒಂದೊಂದು ಓರೆ ಹೊಲಿಗೆ. ಹೊಲಿಯುತ್ತ ಹೋದರೆ ಬಟ್ಟೆ ಮುಚ್ಚಿಹೋಗಿ ಚಿತ್ರವಷ್ಟೇ ಉಳಿಯುತ್ತದೆ. ಹೂವು, ಗಿಳಿ, ಹಣ್ಣಿನ ಬುಟ್ಟಿ ಬೇಕಾದಷ್ಟು ಜನ ಹೊಲಿಯುತ್ತಾರೆ. ಅತ್ತಿಗೆ ತನ್ನ ವಿನ್ಯಾಸವನ್ನು ತಾನೇ ಬರೆದುಕೊಳ್ಳುವವಳು: ಅರ್ಧ ತೆರೆದ ಕಪಾಟು, ಮೊಳೆಗೆ ನೇತುಹಾಕಿದ ಛತ್ರಿ, ಗಡಿಯಾರ ರಿಪೇರಿ ಮಾಡುವ ಗಂಡನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುವ ಗಡಿಯಾರ. ಅಂಗಡಿಯಲ್ಲಿ ಸಿಗುವ ಬಣ್ಣ ಅವಳಿಗೆ ಸಾಲದು. ಒಂದೇ ಸೂಜಿಗೆ ಎರಡು ಬೇರೆ ಬೇರೆ ಬಣ್ಣದ ಎಳೆ ಪೋಣಿಸಿ ಮೂರನೆಯದೊಂದನ್ನು ಹುಟ್ಟಿಸುತ್ತಿದ್ದಳು, ಹುಟ್ಟಿದ್ದಕ್ಕೆ ಹೆಸರಿಡುತ್ತಿದ್ದಳು. ಬೂದಿಗೆ ತುಕ್ಕಿನ ಬಣ್ಣ ಸೇರಿದರೆ 'ಹಳೇ ಬೀಗ'. ಕೆಂಪಿಗೆ ಕಪ್ಪು ಸೇರಿದರೆ 'ನೆನೆದ ಇಟ್ಟಿಗೆ'. ಗಂಡನ ಜೊತೆ ಮಾತು ಬಿಟ್ಟಿದ್ದ ವಾರ ಬೆರೆಸಿದ ಒಂದು ಮಬ್ಬು ಹಸಿರಿಗೆ 'ಮುನಿಸು'. ಮುನಿಸಿಗೆ ಇವತ್ತಿಗೂ ಒಳ್ಳೆಯ ಬೇಡಿಕೆಯಿದೆ.

ಹೆಸರಿಡುವುದು ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ, ಅದರಲ್ಲೂ ಅತ್ತಿಗೆ ಹಿಂದೆ ಬಿದ್ದವಳಲ್ಲ. ಪಕ್ಕದ ಮನೆಯ ಪರದೆಗೆ ಹೆಸರಿಡುತ್ತಿದ್ದಳು, ಅಂಗಡಿಯ ಬೋರ್ಡಿಗೆ ಹೆಸರಿಡುತ್ತಿದ್ದಳು, ನಾದಿನಿ ಹೊಲಿದ ಹೊಲಿಗೆಗಂತೂ ಕೈ ತೊಳೆದುಕೊಂಡು ಹೆಸರಿಡುತ್ತಿದ್ದಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಮನೆಯಲ್ಲಿ ಕೂತ ನಾದಿನಿ, ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯ ಮಹಡಿಯಲ್ಲೇ ಇದ್ದವಳು. ಅವಳಿಗೆ ಅತ್ತಿಗೆ ಕೊಟ್ಟಿದ್ದು ಎರಡೇ ಕೆಲಸ. ಒಂದು, ವಿನ್ಯಾಸದ ಚೌಕಗಳನ್ನು ಎಣಿಸುವುದು. ಇನ್ನೊಂದು, ಅತ್ತಿಗೆಯ ಕಣ್ಣು ಮಂಜಾದ ಮೇಲೆ ಬಂದದ್ದು: ಸೂಜಿಗೆ ದಾರ ಪೋಣಿಸುವುದು. ಅತ್ತಿಗೆ ಎಳೆ ಆರಿಸಿ, ಕತ್ತರಿಸಿ ಕೈಗೆ ಕೊಡುವಳು. ನಾದಿನಿ ಪೋಣಿಸಿ ಕೆಂಪು ಸೂಜಿಮೆತ್ತೆಗೆ ಚುಚ್ಚಿಡುವಳು. ಬಣ್ಣದ ಮಾತಿಗೆ ಅವಳು ಬರುವ ಹಾಗಿರಲಿಲ್ಲ.

ಒಂದೇ ಒಂದು ಸಲ ಬಂದಿದ್ದಳು. ಅತ್ತಿಗೆ ತಮ್ಮ ಮನೆಯ ಬೀದಿಬಾಗಿಲನ್ನೇ ಹೊಲಿಯಲು ಹೊರಟಾಗ. ಎರಡು ಬಾಗಿಲ ಹಲಗೆ, ಒಂದು ಅರ್ಧ ತೆರೆದಿದೆ, ಒಳಗಿನಿಂದ ಒಂದು ಕುರ್ಚಿಯ ಕಾಲು ಕಾಣುತ್ತದೆ. ಇಷ್ಟೇ ಚಿತ್ರ.

"ಕಂದು ಜೊತೆ ಒಂದೆಳೆ ನೇರಳೆ ಹಾಕಿದ್ರೆ ಹೇಗಿರತ್ತೆ ಅತ್ತಿಗೆ?" ಎಂದು ನಾದಿನಿ ಕೇಳಿದ್ದಳು.

"ಬಾಗಿಲಿಗೆ ನೇರಳೆನಾ? ಬಾಗಿಲೇನು ಬದನೆಕಾಯಿಯೇನೆ? ನೀನು ಚೌಕ ಎಣಿಸು," ಎಂದು ಅತ್ತಿಗೆ ನಕ್ಕಿದ್ದಳು. ನಾದಿನಿಯೂ ನಕ್ಕು ಚೌಕ ಎಣಿಸಿದ್ದಳು.

ಆ ಬಾಗಿಲು ಮುಕ್ಕಾಲು ಮುಗಿದಾಗ ದಾರದಂಗಡಿಯಾಕೆ ಉಣ್ಣೆ ಕೊಡಲು ಮನೆಗೆ ಬಂದಳು. ಬಂದವಳು ಚಿತ್ರದ ಚೌಕಟ್ಟಿನ ಮುಂದೆ ನಿಂತುಬಿಟ್ಟಳು. "ಈ ಮರ ಉಸಿರಾಡ್ತಿದೆ ಕಣ್ರೀ. ಈ ಬಣ್ಣ ಎಲ್ಲಿಂದ ತಂದ್ರಿ?" ಎಂದಳು. ಬರೀ ಕಂದಿಗೆ ಇಷ್ಟೊಂದು ಹೊಗಳಿಕೆಯೇ ಎಂದು ಅತ್ತಿಗೆಗೆ ಒಳಗೊಳಗೆ ಆಶ್ಚರ್ಯ. ಆದರೂ ಬಂದ ಹೊಗಳಿಕೆಯನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವವರು ಯಾರು? "ಕೈಗುಣ," ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಕೊನೆಗೆ ಅಂಗಡಿಯಾಕೆಯೇ ದಿನ ಗೊತ್ತುಮಾಡಿದಳು: ಬರುವ ತಿಂಗಳ ಮೊದಲ ಶನಿವಾರ ಚಿತ್ರ ಮುಗಿಸಿ ತರಬೇಕು, ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿಕೊಂಡು ಆ ಬಣ್ಣ ಬೆರೆಸುವುದನ್ನು ಅತ್ತಿಗೆ ಕಲಿಸಬೇಕು.

ಅಷ್ಟರಲ್ಲಿ ಕಣ್ಣಿನ ಸರದಿ ಬಂತು. ಎರಡೂ ಕಣ್ಣಿಗೆ ಪೊರೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಎಂದರು ಡಾಕ್ಟರಮ್ಮ.

ಬಲಗಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅತ್ತಿಗೆ ಮಾಡಿದ ಗಲಾಟೆ ಅಷ್ಟಿಷ್ಟಲ್ಲ. ಗಂಡನ ಅಂಗಿ ಹಿಡಿದು ಜಗ್ಗಿ, "ಇದು ಕಪ್ಪು ಅಲ್ವಾ? ನೀಲಿನಾ?" ಎಂದಳು.

"ತಗೊಂಡಾಗಿಂದ ನೀಲಿನೇ," ಎಂದ ಗಂಡ.

ಗೋಡೆ ಬೆಣ್ಣೆಯ ಬಣ್ಣದ್ದಲ್ಲ, ಬಿಳಿಯದು; ಬಿಳಿಯ ಮೇಲೆ ಕೈ ಒರೆಸಿದ ಗುರುತುಗಳು ಬೇರೆ. ಕನ್ನಡಿ ನೋಡಿ, ಈ ಕನ್ನಡಿ ಕೆಟ್ಟಿದೆ ಎಂದು ತೀರ್ಮಾನಿಸಿದಳು. ಆಮೇಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಚಿತ್ರ. ಚಹಾ ಪಾತ್ರೆಗೆ ಕಂದು ಉಣ್ಣೆಯ ಮುಚ್ಚಳ. ಗಂಡನ ಕನ್ನಡಕಕ್ಕೆ ಕಂದು ಚೀಲ. ಕುರ್ಚಿಯ ನಾಲ್ಕು ಕಾಲಿಗೂ ಕಂದು ಕಾಲುಚೀಲ. ಎಲ್ಲ ನಾದಿನಿ ಬಿಡುವಿನಲ್ಲಿ ಹೆಣೆದದ್ದು. ಈ ಮನೆಗೆ ಇಷ್ಟೊಂದು ಕಂದು ಉಣ್ಣೆ ಎಲ್ಲಿಂದ ಬಂತಪ್ಪ ಎಂದುಕೊಂಡಳು, ಮರುಗಳಿಗೆಯಲ್ಲಿ ಮರೆತಳು. ಏಕೆಂದರೆ ಅಷ್ಟರಲ್ಲಿ ಅವಳು ಬಾಗಿಲಿನ ಚಿತ್ರದ ಮುಂದೆ ಬಂದಿದ್ದಳು.

ಬಾಗಿಲ ತುಂಬ ನೇರಳೆ.

ಪ್ರತಿ ಹೊಲಿಗೆಯಲ್ಲೂ ಕಂದಿನ ಮಗ್ಗುಲಿಗೆ ಒಂದು ನೇರಳೆ ಎಳೆ ಅಂಟಿಕೊಂಡು ಕೂತಿತ್ತು. ಎಡಗಣ್ಣಿನಿಂದ ನೋಡಿದಳು: ಬರೀ ಕಂದು, ಒಳ್ಳೆಯ ಮನೆತನದ ಕಂದು. ಬಲಗಣ್ಣಿನಿಂದ ನೋಡಿದಳು: ನೇರಳೆ, ನೇರಳೆ, ನೇರಳೆ. ಪೊರೆ ಬಂದ ಕಣ್ಣಿಗೆ ಕಂದೂ ನೇರಳೆಯೂ ಒಂದೇ ಆಗಿ ಕಂಡಿದೆ; ತಾನು ಕುರುಡು ಕುರುಡಾಗಿ ಎರಡನ್ನೂ ಕತ್ತರಿಸಿ ಕೊಟ್ಟಿದ್ದೇನೆ; ಊರೆಲ್ಲ ಹೊಗಳಿದ್ದು ತನ್ನ ಕೈಗುಣವನ್ನಲ್ಲ, ತನ್ನ ಪೊರೆಯನ್ನು.

ಇನ್ನೂ ಕೆಟ್ಟದ್ದೆಂದರೆ, ಚಿತ್ರ ಚೆನ್ನಾಗಿತ್ತು. ಅಂಗಡಿಯಾಕೆ ಸುಳ್ಳು ಹೇಳಿರಲಿಲ್ಲ. ಬೆಳಗಿನ ನೆರಳು ಬಿದ್ದ ಹಳೆಯ ಮರ ಹೇಗಿರುತ್ತದೋ ಹಾಗೇ ಇತ್ತು. ಅತ್ತಿಗೆ ಬೀದಿಗೆ ಹೋಗಿ ನಿಜವಾದ ಬಾಗಿಲನ್ನು ನೋಡಿದಳು. ಅದರಲ್ಲೂ, ನೆರಳಿನ ಜಾಗದಲ್ಲಿ, ನೇರಳೆ ಇತ್ತು. ಮದುವೆಯಾಗಿ ಬಂದ ದಿನದಿಂದ ಆ ಬಾಗಿಲು ದಾಟುತ್ತಿದ್ದಾಳೆ. ಒಂದು ದಿನವೂ ಕಂಡಿರಲಿಲ್ಲ.

ಬಾಗಿಲಿನ ಕೆಳಗೆ ಒಂದು ಅಂಗೈ ಅಗಲದ ಜಾಗ ಇನ್ನೂ ಹೊಲಿಯಬೇಕಿತ್ತು. ಅದನ್ನೂ ಇದೇ ಬಣ್ಣದಲ್ಲಿ ಮುಗಿಸಬೇಕಿತ್ತು, ಶನಿವಾರ ಆ ಬಣ್ಣ ಬೆರೆಸುವುದನ್ನು ಎಲ್ಲರೆದುರು ತೋರಿಸಬೇಕಿತ್ತು. ಆಗದಿದ್ದರೆ, ಬಣ್ಣದ ಅತ್ತಿಗೆಯ ಬಣ್ಣ ಬಯಲಾಗುವುದಕ್ಕೆ ಬೇರೆ ಮುಹೂರ್ತ ಬೇಕಿರಲಿಲ್ಲ.

ನಾದಿನಿ ಎಂದಿನಂತೆ ಬಂದು ಪಕ್ಕದಲ್ಲಿ ಕೂತು ಕೈ ಚಾಚಿದಳು. "ಎಳೆ ಕೊಡಿ ಅತ್ತಿಗೆ, ಪೋಣಿಸ್ತೀನಿ."

"ಬೇಡ ಬಿಡು. ಈಗ ಕಣ್ಣು ಬಂತಲ್ಲ. ನನ್ನ ಸೂಜಿಗೆ ನಾನೇ ಪೋಣಿಸ್ಕೋತೀನಿ."

ಚಾಚಿದ ಕೈ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ನಾದಿನಿ, "ಒಳ್ಳೇದಾಯ್ತು," ಎಂದು ಎದ್ದು ಮಹಡಿಗೆ ಹೋದಳು. ಅವಳ ಮುಖ ಸಣ್ಣದಾದದ್ದನ್ನು ಅತ್ತಿಗೆಯ ಹೊಸ ಕಣ್ಣೂ ನೋಡಲಿಲ್ಲ, ಹಳೆಯದೂ ನೋಡಲಿಲ್ಲ. ಅವಳಿಗೆ ಅವಳದೇ ಚಿಂತೆ.

ಸೂಜಿಯ ಕಣ್ಣಿಗೆ ದಾರ ಒಂದೇ ಏಟಿಗೆ ಹೋಯಿತು. ಆದರೆ ಹೊಲಿಗೆ ಹತ್ತಲಿಲ್ಲ. ದಾರದ ಪೆಟ್ಟಿಗೆಯಲ್ಲಿ ಐದು ಥರದ ನೇರಳೆ ಇದ್ದವು. ಒಂದು ಹಾಕಿದರೆ ಬಾಗಿಲಿಗೆ ಪೆಟ್ಟು ಬಿದ್ದು ನೆತ್ತರು ಹೆಪ್ಪುಗಟ್ಟಿದಂತೆ ಕಂಡಿತು, ಇನ್ನೊಂದು ಹಾಕಿದರೆ ಮಸಿ ಚೆಲ್ಲಿದಂತೆ. ಹೊಲಿದದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಹೊಲಿದಳು. ಮೊದಲು ದೀಪಕ್ಕೆ ಬೈದಳು, ಆಮೇಲೆ ಉಣ್ಣೆಗೆ, ಆಮೇಲೆ ಜಾಲರಿಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕೊನೆಗೆ ಉಪಾಯವೊಂದು ಹೊಳೆಯಿತು. ಮಾಡಿದ್ದು ಎಡಗಣ್ಣಲ್ಲವೇ? ಉಳಿದದ್ದನ್ನೂ ಅದೇ ಮಾಡಲಿ. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿಯನ್ನು ಹುಡುಕಿ ತೆಗೆದು ಬಲಗಣ್ಣಿಗೆ ಕಟ್ಟಿಕೊಂಡಳು.

ಗಂಡ ಮೇಜಿನಿಂದ ತಲೆಯೆತ್ತಿ ನೋಡಿದ. "ಸರಿಹೋದ ಕಣ್ಣು ಮುಚ್ಕೊಂಡು ಹಾಳಾದ ಕಣ್ಣಲ್ಲಿ ನೋಡೋದಾದ್ರೆ ಆಸ್ಪತ್ರೆಗೆ ಯಾಕೆ ಹೋದೆ?"

"ನಿಮ್ಮ ಗಡಿಯಾರ ನೀವು ನೋಡ್ಕೊಳ್ಳಿ."

ಅದೇ ವಾರ ಡಾಕ್ಟರಮ್ಮ ಕಣ್ಣು ಪರೀಕ್ಷಿಸಿ, ಎಡಗಣ್ಣಿಗೆ ಯಾವತ್ತು ಬರುತ್ತೀರಿ ಎಂದು ಕೇಳಿದರು.

"ಸ್ವಲ್ಪ ತಡೀರಿ," ಎಂದಳು ಅತ್ತಿಗೆ. "ಈ ಕಣ್ಣಿಗೆ ಇನ್ನೂ ಸ್ವಲ್ಪ ಕೆಲಸ ಇದೆ."

ಡಾಕ್ಟರಮ್ಮ ಇಷ್ಟು ವರ್ಷದಲ್ಲಿ ಬೇರೆ ಬೇರೆ ನೆಪ ಕೇಳಿದ್ದರು. ಇದು ಹೊಸದು.

ಕೆಲಸವೇನೋ ಇತ್ತು, ಆದರೆ ಆ ಕಣ್ಣಿಗೆ ಅದು ಬರುತ್ತಿರಲಿಲ್ಲ. ಎಡಗಣ್ಣಿಗೆ ಕಂದು ನೇರಳೆ ಎಲ್ಲ ಒಂದೇ ಆದ್ದರಿಂದ ಕೈಗೆ ಸಿಕ್ಕ ಎಳೆ ಎತ್ತಿಕೊಂಡಳು. ಪಟ್ಟಿ ಸರಿಸಿ ನೋಡಿದರೆ ಒಂದು ಹೊಲಿಗೆ ಎರಡೆಳೆ ಕಂದು, ಪಕ್ಕದ್ದು ಎರಡೆಳೆ ನೇರಳೆ, ಅದರ ಪಕ್ಕ ಎಂಥದೋ ಹಸಿರು. ಬಾಗಿಲಿಗೆ ಕಜ್ಜಿ ಬಂದ ಹಾಗಿತ್ತು. ಕುರುಡಿನಲ್ಲಿ ಇಷ್ಟು ದಿನ ಒಂದೇ ಒಂದು ಸಲವೂ ತಪ್ಪದ ಕೈ ಈಗ ಯಾಕೆ ತಪ್ಪುತ್ತಿದೆ? ಮೇಲಾಗಿ ಎಡಗಣ್ಣಲ್ಲಿ ಸೂಜಿಗೆ ದಾರ ಪೋಣಿಸುವುದೂ ಆಗುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಅತ್ತಿಗೆ ಸೋತು ಮೆಟ್ಟಿಲ ಕಡೆಗೆ ತಿರುಗಿ ಕೂಗಿದಳು.

"ಬಾರೆ ಇಲ್ಲಿ. ಒಂದಿಷ್ಟು ಪೋಣಿಸಿಕೊಡು."

ನಾದಿನಿ ಎರಡೆರಡು ಮೆಟ್ಟಿಲು ಇಳಿದು ಬಂದಳು. ಬಂದು ತನ್ನ ಜಾಗದಲ್ಲಿ, ಅತ್ತಿಗೆಯ ಬಲಗಡೆ, ಹೋದ ಗದ್ದುಗೆ ಮರಳಿ ಸಿಕ್ಕವಳಂತೆ ಕೂತಳು. ಬಲಗಣ್ಣಿನ ಪಟ್ಟಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅತ್ತಿಗೆ ಎರಡೆಳೆ ಕತ್ತರಿಸಿ ಕೊಟ್ಟಳು. ಕೊಟ್ಟವಳಿಗೆ ತಾನು ಕೊಟ್ಟದ್ದು ಯಾವ ಬಣ್ಣ ಎಂದು ನೋಡಬೇಕೆನ್ನಿಸಿತು. ಮೂಗು ತುರಿಸುವ ನೆಪದಲ್ಲಿ ಪಟ್ಟಿಯ ಅಂಚನ್ನು ಎತ್ತಿ ಸಂದಿಯಿಂದ ಇಣುಕಿದಳು.

ಕೊಟ್ಟದ್ದು ಎರಡೂ ಕಂದೇ. ನಾದಿನಿ ಅದರಲ್ಲಿ ಒಂದನ್ನು ಮಡಿಲಿಗೆ ಹಾಕಿಕೊಂಡಳು. ತನ್ನ ಚೀಲಕ್ಕೆ ಕೈ ಹಾಕಿ ಒಂದು ನೇರಳೆ ಎಳೆ ತೆಗೆದು ಬೆಳಕಿಗೆ ಹಿಡಿದಳು, ಬೇಡವೆಂದು ಒಳಗೆ ಹಾಕಿ ಇನ್ನೊಂದು ತೆಗೆದಳು. ಕಂದಿನ ಜೊತೆ ಇಟ್ಟು ಸ್ವಲ್ಪ ಹೊಸೆದಳು. ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಪೋಣಿಸಿ ಸೂಜಿಮೆತ್ತೆಗೆ ಚುಚ್ಚಿ, "ತಗೊಳ್ಳಿ ಅತ್ತಿಗೆ, ಕಂದು," ಎಂದಳು.

ಚಹಾ ಪಾತ್ರೆಯ ಮುಚ್ಚಳ, ಕನ್ನಡಕದ ಚೀಲ, ಕುರ್ಚಿಯ ಕಾಲುಚೀಲ, ಎಲ್ಲ ಒಟ್ಟಿಗೆ ಬಂದು ಅತ್ತಿಗೆಯ ಕಣ್ಣಮುಂದೆ ನಿಂತವು.

ಮೊದಲು ಬಂದದ್ದು ಕೋಪ. ಕಣ್ಣಿಗೆ ಮಣ್ಣೆರಚುವುದು ಎಂದರೆ ಇದೇ ಅಲ್ಲವೇ, ಅದೂ ಕಾಣದ ಕಣ್ಣಿಗೆ. ಬೈಯಲು ಬಾಯಿ ತೆರೆದಳು. ಆಗ ಪಟ್ಟಿಯ ಸಂದಿಯಿಂದ ನಾದಿನಿಯ ಮುಖ ಇನ್ನೊಮ್ಮೆ ಕಂಡಿತು. ಅವಳು ಇನ್ನೊಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆ ನೋಟ ಅತ್ತಿಗೆಗೆ ಗೊತ್ತಿತ್ತು. ಹೊಸ ಬಣ್ಣ ಹುಟ್ಟುವಾಗ ತನಗೆ ಒಳಗೆ ಏನಾಗುತ್ತದೆಯೋ ಅದು ಇವಳ ಮುಖದ ಮೇಲೆ ಕೂತಿತ್ತು. ಬದನೆಕಾಯಿಯ ಮಾತು ನೆನಪಾಯಿತು. ಅಂದು ನಕ್ಕು ಸುಮ್ಮನಾದವಳು ಸುಮ್ಮನಾಗಿರಲಿಲ್ಲ, ಸೂಜಿಯ ಕಣ್ಣಿನಲ್ಲಿ ದಾರಿ ಹುಡುಕಿಕೊಂಡಿದ್ದಳು. ಇನ್ನು ಮಣ್ಣೆರಚಿದ್ದರ ಲೆಕ್ಕ ತೆಗೆದರೆ, ಬಂದ ಹೊಗಳಿಕೆಯನ್ನೆಲ್ಲ ನುಂಗಿ ನೀರು ಕುಡಿದದ್ದು ಯಾರು? ಪಕ್ಕದಲ್ಲೇ ಕೂತು ಆ ಹೊಗಳಿಕೆ ಕೇಳಿಯೂ ನಾದಿನಿ ಒಂದು ದಿನ ತುಟಿ ಪಿಟಕ್ಕೆನ್ನಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಇಡೀ ಊರಿಗೆ ಹೇಳಿಕೊಂಡು ತಿರುಗಿದವಳಿಗೆ ಮಹಡಿಯ ಮೇಲಿನ ಗಿಡ ಕಾಣಲಿಲ್ಲ. ಅತ್ತಿಗೆಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಕಾರಣ ಗೊತ್ತಿಲ್ಲದೆ, ಸಂತೋಷವೂ ಆಯಿತು.

ಬಾಯಿ ಮುಚ್ಚಿಕೊಂಡು ಸೂಜಿ ತೆಗೆದುಕೊಂಡಳು. ಅಂಗೈ ಅಗಲದ ಜಾಗದಲ್ಲಿ ಮೂರು ಬೆರಳಷ್ಟನ್ನು ಅವತ್ತು ಹೊಲಿದಳು, ಒಂದು ಬೆರಳಷ್ಟನ್ನು ಶನಿವಾರಕ್ಕೆಂದು ಉಳಿಸಿಟ್ಟಳು. ಹೊಸದಕ್ಕೂ ಹಳೆಯದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಮರುದಿನ ತಾನೇ ಕಣ್ಣಾಸ್ಪತ್ರೆಗೆ ಹೋಗಿ, "ಎಡಗಣ್ಣು ಸೋಮವಾರ ಮಾಡಿಬಿಡಿ," ಎಂದಳು.

"ಕೆಲಸ ಇದೆ ಅಂದಿದ್ರಲ್ಲ?"

"ಆ ಕಣ್ಣು ಏನೂ ಮಾಡಿರ್ಲಿಲ್ಲ ಬಿಡಿ. ಸುಮ್ನೆ ಹೆಸರು ತಗೊಂಡಿತ್ತು."

ಶನಿವಾರ ದಾರದಂಗಡಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಣ್ಣೆಯ ಲಡಿಗಳನ್ನು ಬದಿಗೆ ಸರಿಸಿ ಬೆಂಚು ಹಾಕಿದ್ದರು. ಕಿಟಕಿಯ ಪಕ್ಕ ಬಾಗಿಲಿನ ಚಿತ್ರ. ಕೆಳಗೆ ಒಂದು ಬೆರಳಷ್ಟು ಜಾಲರಿ ಮಾತ್ರ ಬಿಳಿಯಾಗಿ ಉಳಿದಿತ್ತು. ಅಂಗಡಿಯಾಕೆ ಎರಡು ಮಾತಾಡಿ ಕುರ್ಚಿ ತೋರಿಸಿದಳು. ಅತ್ತಿಗೆ ಕೂರಲಿಲ್ಲ. ಕೋಣೆಯ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ನಾದಿನಿಯ ಕಡೆ ನೋಡಿದಳು.

"ಬಾ ಇಲ್ಲಿ. ಈ ಕುರ್ಚಿ ಮೇಲೆ ಕೂತ್ಕೋ."

"ನಾನ್ಯಾಕೆ ಅತ್ತಿಗೆ?"

"ಕೂತ್ಕೋ ಅಂದೆ. ಸೂಜಿ ಪೋಣಿಸು. ಇವರೆಲ್ಲ ನೋಡ್ಲಿ."

ನಾದಿನಿ ಅತ್ತಿಗೆಯನ್ನು ನೋಡಿದಳು, ಅಷ್ಟೂ ಹೆಂಗಸರನ್ನು ನೋಡಿದಳು. ಕುರ್ಚಿಯ ತುದಿಯಲ್ಲಿ ಕೂತು, ಪೆಟ್ಟಿಗೆಯಿಂದ ಒಂದು ಕಂದು ಎಳೆ ತೆಗೆದಳು. ಆಮೇಲೆ ಇನ್ನೊಂದು ತೆಗೆದಳು. ಅದೂ ಕಂದೇ.

ಯಾಕೆಂದು ಅತ್ತಿಗೆಗೆ ತಕ್ಷಣ ಗೊತ್ತಾಯಿತು. ಚಿತ್ರ ಹಾಳಾದರೆ ಹಾಳಾಗಲಿ, ಇಷ್ಟು ಜನರ ಎದುರು ಅತ್ತಿಗೆಯ ಮರ್ಯಾದೆ ಉಳಿಯಲಿ ಎಂದು ಈ ಹುಚ್ಚಿ ತನ್ನ ಬಣ್ಣವನ್ನೇ ನುಂಗುತ್ತಿದ್ದಾಳೆ. ಬಗ್ಗಿ, ಎರಡನೆಯ ಎಳೆಯನ್ನು ಅವಳ ಬೆರಳಿಂದ ಬಿಡಿಸಿದಳು.

"ಇದಲ್ಲ ಕಣೆ. ನೇರಳೆ ತಗೋ. ಯಾವ ನೇರಳೆ ಅಂತ ನಿನಗೇ ಗೊತ್ತು, ನಂಗೆ ಗೊತ್ತಿಲ್ಲ." ಹೆಂಗಸರ ಕಡೆ ತಿರುಗಿದಳು. "ನೋಡ್ರಮ್ಮ, ಈ ಬಾಗಿಲ ಹೊಲಿಗೆ ನನ್ನದು. ಬಣ್ಣ ಇವಳದ್ದು. ಕಣ್ಣು ಕಾಣದೆ ಇಷ್ಟು ದಿನ ನಂದು ಅಂದ್ಕೊಂಡಿದ್ದೆ. ಕಲೀಬೇಕಾದ್ರೆ ಇವಳ ಹತ್ರ ಕಲೀರಿ. ನಾನೂ ಕಲೀತೀನಿ."

ಕೋಣೆಯಲ್ಲಿ ಗುಸುಗುಸು ಎದ್ದಿತು, ಅಡಗಿತು. ನಾದಿನಿ ತಲೆ ಎತ್ತಲಿಲ್ಲ. ಎತ್ತದೆಯೇ ಚೀಲಕ್ಕೆ ಕೈ ಹಾಕಿ ಒಂದು ನೇರಳೆ ತೆಗೆದು, ಬೆಳಕಿಗೆ ಹಿಡಿದು, ಬೇಡವೆಂದು ಇಟ್ಟು, ಇನ್ನೊಂದು ತೆಗೆದಳು. ಉಳಿದಿದ್ದ ಜಾಲರಿಯಲ್ಲಿ ಒಂದು ಹೊಲಿಗೆ ಹಾಕಿದಳು, ಎರಡು ಹಾಕಿದಳು. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು. ಅತ್ತಿಗೆಗೆ ನಾಲಿಗೆ ತುರಿಸಿತು, ಆದರೆ ಹೆಸರಿಡಲಿಲ್ಲ.

"ಈ ಬಣ್ಣಕ್ಕೆ ಏನಂತ ಹೆಸರು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಬೆರೆಸಿದವಳು ಹೇಳ್ಬೇಕು," ಎಂದಳು ಅತ್ತಿಗೆ. "ಹೇಳು. ಏನಿಟ್ಟಿದೀಯ?"

ನಾದಿನಿ ತಡವರಿಸಿದಳು. ಆಮೇಲೆ ಮೆಲ್ಲಗೆ, "ಅತ್ತಿಗೆ," ಎಂದಳು.

"ಹೂಂ, ಹೇಳು. ಕೇಳಿಸ್ಕೋತಿದೀನಿ."

"ಅದೇ ಅತ್ತಿಗೆ, ಹೆಸರು. ಅತ್ತಿಗೆ ಅಂತ."

ಕೋಣೆಯೆಲ್ಲ ನಕ್ಕಿತು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು. "ನಾನೇನು ಬದನೆಕಾಯಿಯೇನೆ?"

"ಅಲ್ಲ," ಎಂದಳು ನಾದಿನಿ, ಸೂಜಿಯಿಂದ ಕಣ್ಣೆತ್ತದೆ. "ದೂರದಿಂದ ನೋಡಿದೋರಿಗೆ ಬರೀ ಕಂದು. ಗಟ್ಟಿ ಬಾಗಿಲು, ಗದರೋ ಬಾಗಿಲು. ಪಕ್ಕದಲ್ಲಿ ಕೂತೋರಿಗೆ ಮಾತ್ರ ಒಳಗಿರೋದು ಕಾಣೋದು. ನಾನು ದಿನಾ ಪಕ್ಕದಲ್ಲೇ ಕೂರ್ತೀನಲ್ಲ."

ಬಾಗಿಲು, ಕಿಟಕಿ, ನಾದಿನಿ ಎಲ್ಲ ಅತ್ತಿಗೆಯ ಹೊಸ ಕಣ್ಣಿನಲ್ಲೂ ಮಂಜಾದವು.

"ಕಣ್ಣಿಗೆ ನೀರು ತಾಗಬಾರದು ಅಂದಿದಾರೆ ಡಾಕ್ಟರಮ್ಮ," ಎಂದಳು ಗದರುತ್ತ. "ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡ್ತೀಯಲ್ಲೇ."

"ಅವರು ಅಂದಿದ್ದು ಹೊರಗಿನ ನೀರು, ಅತ್ತಿಗೆ," ಎಂದು ನಾದಿನಿ ಮುಂದಿನ ಹೊಲಿಗೆ ಹಾಕಿದಳು.